ನಂಗಲಿಯ ತುಪ್ಪದ ಡಬ್ಬ: ಒರಳಿನಲ್ಲಿ ಸಿಕ್ಕ ಎಳೆ

"ಅದೇನ್ ಸಾರ್, ಒರಳಲ್ಲಿ ಮೂಗಿಟ್ಕೊಂಡು ಕೂತಿದ್ದೀರಿ? ಚಟ್ನಿ ಬೇಕಾದ್ರೆ ಬಾಯ್ಬಿಟ್ಟು ಕೇಳ್ಬಾರ್ದಾ?"

ಮುನಿಶಾಮಮ್ಮ ತಮಾಷೆಯ ಧಾಟಿಯಲ್ಲೇ ಕೇಳಿದಳು. ಆದರೆ ಕೇಳಿದವಳ ಕಾಲು ಮಾತ್ರ ಕೊಟ್ಟಿಗೆಯ ಬಾಗಿಲಲ್ಲೇ ನೆಟ್ಟು ನಿಂತಿತ್ತು. ಕೋದಂಡರಾಮಪ್ಪ ಅದನ್ನು ಗಮನಿಸಿದ. ಹಿತ್ತಿಲ ಒರಳಿನ ಗುಳಿಯೊಳಗೆ ಬೆರಳಾಡಿಸುತ್ತಿದ್ದವನು ಮೆಲ್ಲಗೆ ಕೈ ಹೊರಗೆಳೆದ. ಉಗುರಿನ ಸಂದಿಯಲ್ಲಿ ಬಿಳಿಯ ಎಳೆಯೊಂದು ಸಿಕ್ಕಿಕೊಂಡಿತ್ತು.

ಮುಳಬಾಗಿಲಿನ ಗಂಗುಲಪ್ಪನ ದೋಸೆ ಹೋಟೆಲಿನಲ್ಲಿ ಸಿಕ್ಕಿದ ಕಲಬೆರಕೆ ತುಪ್ಪ, ಅಲ್ಲಿಗೆ ತುಪ್ಪ ಮಾರುತ್ತಿದ್ದ ಈಕೆಯದೆಂಬ ಕೇಸು ಸೋಮವಾರ ಕೋರ್ಟಿಗೆ ಬರುವುದಿತ್ತು. ಸಾಬೀತಾದರೆ ಕಡಿಮೆಯೆಂದರೂ ಆರು ತಿಂಗಳು ಜೈಲು. ಶ್ರೀನಿವಾಸಪುರದ ವಕೀಲ ಚನ್ನರಾಯಪ್ಪನವರು ಫೀಸಿಲ್ಲದೆ ಅವಳ ಪರ ನಿಲ್ಲಲು ಒಪ್ಪಿದ್ದರು. ಇವತ್ತು ಶನಿವಾರ, ಮಧ್ಯಾಹ್ನ ಎರಡು ಗಂಟೆ.

"ಚಟ್ನಿ ಆಮೇಲೆ. ಮೊದ್ಲು ಕೋರ್ಟು," ಎಂದು ಕೋದಂಡರಾಮಪ್ಪ ಎದ್ದು ನಿಂತ. ಟವೆಲನ್ನು ಎರಡೂ ಭುಜದ ಮೇಲೆ ಗೌನಿನಂತೆ ಇಳಿಬಿಟ್ಟ. ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿದ. ಗಂಟಲೊಳಗಿಂದ ಸರ್ಕಾರಿ ವಕೀಲರೊಬ್ಬರು ಎದ್ದು ಬಂದರು. "ಏನಮ್ಮಾ, ನಿನ್ನ ಹೆಸರೇನಮ್ಮಾ?"

ಅವಳಿಗೆ ನಗು ತಡೆಯಲಾಗಲಿಲ್ಲ. "ಮುನಿಶಾಮಮ್ಮ, ಸ್ವಾಮಿ."

"ಎಷ್ಟಮ್ಮಾ ಎಮ್ಮೆ?"

"ಎರಡು."

"ಎಮ್ಮೆಗೆ ಏನು ಹಾಕ್ತೀಯಮ್ಮಾ?"

"ರಾಗಿ ಹುಲ್ಲು, ಬೂಸ, ಕಡಲೇಕಾಯಿ ಹಿಂಡಿ."

"ಇನ್ನೇನಮ್ಮಾ?"

"ಇನ್ನೇನಿಲ್ಲ ಸ್ವಾಮಿ."

"ಎಮ್ಮೆ ಮೇಲೆ ಕೈಯಿಟ್ಟು ಹೇಳ್ತೀಯಾ?"

ನಗು ನಿಂತಿತು. ಮುನಿಶಾಮಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತತೊಡಗಿದಳು. ಕೋದಂಡರಾಮಪ್ಪ ಟವೆಲು ತೆಗೆದ, ವಕೀಲರು ಹೋದರು. ಉಗುರಿನ ತುದಿಯ ಎಳೆಯನ್ನು ಅವಳ ಅಂಗೈ ಮೇಲಿಟ್ಟ.

"ಇದೇನು ತಾಯಿ?"

"ಸೀರೆ ಎಳೆ ಇರ್ಬೇಕು."

"ಸೀರೆ ನೀಲಿ. ಇದು ಬಿಳಿ."

"ಬತ್ತಿ ಹೊಸೆದಿದ್ದೆ."

"ಒರಳಲ್ಲಾ?"

ಆಕೆ ಎತ್ತಲೋ ನೋಡಿದಳು. ಕೊಟ್ಟಿಗೆಯಲ್ಲಿದ್ದ ದೊಡ್ಡ ಎಮ್ಮೆ, ಸಾಕ್ಷಿ ಹೇಳಲು ತಾನು ತಯಾರೆಂಬಂತೆ, ಒಮ್ಮೆ ಮೂಗು ಸೀಟಿತು.

ಕೋದಂಡರಾಮಪ್ಪ ಕೋಲಾರದ ಎಣ್ಣೆ ಗಿರಣಿಯೊಂದರಲ್ಲಿ ಕೆಮಿಸ್ಟು. ಹುತ್ತೂರಿನವನು, ಬಿ.ಎಸ್ಸಿ. ಓದಿದವನು. ಯಾರ ದನಿಯನ್ನಾದರೂ ಅವರೆದುರಿಗೇ ಆಡಿ ತೋರಿಸುವ ಚಾಳಿಯವನು. ಪತ್ತೇದಾರಿಕೆ ಅವನ ಕಸುಬೇನೂ ಅಲ್ಲ. ಈ ಕೇಸಿಗೆ ಅವನು ಬಿದ್ದದ್ದು ತನ್ನ ನಾಲಿಗೆ ಮಾಡಿದ ತಪ್ಪಿಗಾಗಿ.

ದೀಪಾವಳಿಯ ಮಾರನೆಯ ದಿನ ಫುಡ್ ಇನ್ಸ್‌ಪೆಕ್ಟರು ಹೋಟೆಲಿನ ಡಬ್ಬದಿಂದ ತುಪ್ಪದ ಸ್ಯಾಂಪಲ್ ತೆಗೆದುಕೊಂಡು ಹೋದರು. ಅದೇ ಡಬ್ಬದಿಂದ ಗಂಗುಲಪ್ಪ ಒಂದು ಸೀಸೆ ತುಂಬಿ, "ನೀನೂ ಒಂದ್ಸಲ ನೋಡಪ್ಪ ಕೋದಂಡ," ಎಂದು ಇವನಿಗೆ ಕೊಟ್ಟಿದ್ದ. ಇವನು ನೋಡಿದ. ಬೆಣ್ಣೆಯ ಕೊಬ್ಬಿನಲ್ಲಿ ಪುಟ್ಟ ಪುಟ್ಟ ಆಮ್ಲಗಳಿರುತ್ತವೆ, ಕುದಿಸಿದರೆ ಆವಿಯ ಜೊತೆ ಹಾರಿ ಬರುತ್ತವೆ. ಬೇರೆ ಯಾವ ಕೊಬ್ಬಿನಲ್ಲೂ ಅವು ಅಷ್ಟು ಇರುವುದಿಲ್ಲ. ಅವುಗಳ ಲೆಕ್ಕ ನಮ್ಮ ಕಡೆ ಇಪ್ಪತ್ತನಾಲ್ಕಕ್ಕಿಂತ ಕಡಿಮೆಯಾಗಬಾರದು. ಈ ಸೀಸೆಯಲ್ಲಿ ಇಪ್ಪತ್ತೇ ಬಂತು. ಹಾಗಾದರೆ ಬೇರೇನೋ ಬೆರೆತಿದೆ. ಡಾಲ್ಡಾನೋ, ಎಣ್ಣೆಯೋ ಇರಬೇಕೆಂದು ಇನ್ನೊಂದು ಪರೀಕ್ಷೆ ಮಾಡಿದ. ಗಿಡದ ಕೊಬ್ಬಿನಲ್ಲೂ ಪ್ರಾಣಿಯ ಕೊಬ್ಬಿನಲ್ಲೂ ಮೇಣದಂಥ ಒಂದು ವಸ್ತುವಿರುತ್ತದೆ. ಅದರ ಹರಳು ಎಷ್ಟು ಬಿಸಿಗೆ ಕರಗುತ್ತದೆ ಎನ್ನುವುದರ ಮೇಲೆ ಅದು ಗಿಡದ್ದೋ ಪ್ರಾಣಿಯದ್ದೋ ಗೊತ್ತಾಗುತ್ತದೆ. ಇದು ಪ್ರಾಣಿಯದ್ದೇ. ಗಿಡದ್ದು ಒಂದು ಹನಿಯೂ ಇರಲಿಲ್ಲ.

ಅದನ್ನು ಅವನು ಹೋಟೆಲಿನಲ್ಲಿ, ದೋಸೆ ತಿನ್ನುತ್ತಿದ್ದ ಹತ್ತು ಜನರ ಮುಂದೆ ಹೇಳಿಬಿಟ್ಟ. "ಗಿಡದ್ದಲ್ಲ ಅಂದ್ಮೇಲೆ ಪ್ರಾಣಿಯದ್ದೇ ಅಲ್ವೇನ್ರಪ್ಪಾ!"

ಪೇಪರಿನ ತುಂಬ ದನದ ಕೊಬ್ಬಿನ ಸುದ್ದಿಯೇ ಇದ್ದ ತಿಂಗಳು ಅದು. ಆ ಮಾತು ಇವನಿಗಿಂತ ಮೊದಲೇ ಬಸ್ಸು ಹತ್ತಿ ನಂಗಲಿ ಸೇರಿತು. ಮುನಿಶಾಮಮ್ಮನ ಮನೆಗೆ ಹಾಲಿನ ಚೊಂಬು ಹಿಡಿದು ಬರುತ್ತಿದ್ದ ಹನ್ನೆರಡು ಮನೆಯವರಲ್ಲಿ ಹನ್ನೆರಡೂ ಮನೆಯವರು ಬರುವುದನ್ನೇ ನಿಲ್ಲಿಸಿದರು. ಬಾವಿಕಟ್ಟೆಯಲ್ಲಿ ಅವಳು ಬಿಂದಿಗೆ ಇಟ್ಟರೆ ಪಕ್ಕದ ಬಿಂದಿಗೆ ಸರಿಯಿತು. ಊರವರ ಕೊಬ್ಬೆಲ್ಲ ಅಳೆಯುವವನಿಗೆ ತನ್ನ ಕೊಬ್ಬು ಕಾಣಲಿಲ್ಲವಲ್ಲ ಎಂದು ಕೋದಂಡರಾಮಪ್ಪ ಆಮೇಲೆ ಕೊರಗಿದ್ದೇ ಕೊರಗಿದ್ದು.

"ತಾಯಿ, ಇದು ಹತ್ತಿಬೀಜದ ಎಳೆ," ಎಂದ ಈಗ. "ಎಮ್ಮೆಗೆ ಹತ್ತಿಬೀಜ ರುಬ್ಬಿ ಹಾಕಿದ್ದೀರಿ. ನಿಜ ಹೇಳಿ. ಇದು ಕೆಟ್ಟ ಸುದ್ದಿ ಅಲ್ಲ. ಒಳ್ಳೇದು!"

"ಒಳ್ಳೇದಾ?"

"ಹತ್ತಿಬೀಜ ತಿಂದ ಎಮ್ಮೆ ತುಪ್ಪದಲ್ಲಿ ಆ ಪುಟ್ಟ ಆಮ್ಲ ತಾನಾಗೇ ಕಮ್ಮಿ ಆಗುತ್ತೆ. ಯಾರೂ ಏನೂ ಬೆರೆಸಿರಲ್ಲ, ಆದ್ರೂ ಲೆಕ್ಕ ಇಪ್ಪತ್ತಕ್ಕೆ ಬೀಳುತ್ತೆ. ಹತ್ತಿ ಬೆಳೆಯೋ ಸೀಮೆಯಲ್ಲಿ ಕಾನೂನೇ ಅದಕ್ಕೆ ರಿಯಾಯ್ತಿ ಕೊಟ್ಟಿದೆ. ಇಲ್ಲಿ ಹತ್ತಿ ಬೆಳೆಯಲ್ಲ, ಅದಕ್ಕೇ ಯಾರಿಗೂ ಹೊಳೀಲಿಲ್ಲ. ನಂಗೂ ಹೊಳೀಲಿಲ್ಲ."

ಮುನಿಶಾಮಮ್ಮ ಒರಳಿನ ಅಂಚಿನ ಮೇಲೆ ಕೂತಳು. ಒಂದು ತಿಂಗಳಿನಿಂದ ಬಿಗಿಹಿಡಿದಿದ್ದ ಹೆಗಲು ಇಳಿಯಿತು. ಮತ್ತೆ ಏರಿತು.

"ಹತ್ತಿಬೀಜ ಎಲ್ಲಿಂದ ಬಂತು ಅಂತ ಕೋರ್ಟಲ್ಲಿ ಕೇಳ್ತಾರಾ?"

"ಕೇಳ್ತಾರೆ."

"ಹಂಗಾದ್ರೆ ನಾನು ಹಾಕಿಲ್ಲ."

"ಅಯ್ಯೋ!"

"ಸಾರ್, ನಂಗೊಬ್ಬ ತಮ್ಮ ಅವ್ನೆ. ಪೆದ್ದಪ್ಪ. ಚೆಕ್‌ಪೋಸ್ಟ್ ಹತ್ರ ಗೋಣಿ ಹೊಲೀತಾನೆ. ಗೊತ್ತಲ್ಲ ನಿಮ್ಗೆ?"

ಗೊತ್ತಿತ್ತು. ಆಂಧ್ರದಿಂದ ಬರುವ ಲಾರಿಗಳನ್ನು ನಂಗಲಿಯಲ್ಲಿ ನಿಲ್ಲಿಸಿ, ಮೂಟೆಯೊಳಗೆ ಏನಿದೆಯೆಂದು ಕಬ್ಬಿಣದ ಕೊಳವೆ ಚುಚ್ಚಿ ನೋಡುತ್ತಾರೆ. ನೋಡಿದ ಮೇಲೆ ತೂತಿಗೆ ಹೊಲಿಗೆ ಹಾಕಬೇಕು. ಗೋಣಿಸೂಜಿ ಹಿಡಿದು ಅಲ್ಲಿ ನಾಲ್ಕೈದು ಜನ ಕಾದು ಕೂತಿರುತ್ತಾರೆ. ಅವರಿಗೆ ಡ್ರೈವರು ಕೂಲಿ ಕೊಡುವುದಿಲ್ಲ. ತೂತು ಹೊಲಿದವನಿಗೆ, ತೂತಿನಿಂದ ಉದುರಿದ ಕಾಳು. ಇದು ಅಲ್ಲಿ ಯಾರೂ ಬರೆದಿಡದ, ಎಲ್ಲರೂ ಒಪ್ಪಿದ ಕರಾರು.

"ಪಿತೃಪಕ್ಷದಿಂದ ಹತ್ತಿಬೀಜದ ಲಾರಿ ಜಾಸ್ತಿ ಬಂದ್ವು," ಎಂದಳು ಮುನಿಶಾಮಮ್ಮ. "ದಿನಾ ಒಂದು ಸೇರು, ಎರಡು ಸೇರು ತಂದು ಸುರೀತಿದ್ದ. 'ಅಕ್ಕಾ, ಎಮ್ಮೆಗಳಿಗೆ ಪಾಯಸ,' ಅಂತಿದ್ದ. ಈಗ ಲಾರಿಯೋರು ಕಂಪ್ಲೇಂಟ್ ಕೊಟ್ಟವ್ರೆ. ಚೆಕ್‌ಪೋಸ್ಟ್‌ನೋರು ಚುಚ್ಚಿದ್ದಕ್ಕಿಂತ ತೂತು ಜಾಸ್ತಿ ಅವೆ, ಹೊಲಿಯೋರೇ ಚುಚ್ಕೋತಾರೆ ಅಂತ. ಇಬ್ರನ್ನ ಸ್ಟೇಷನ್‌ಗೆ ಎಳ್ಕೊಂಡೋದ್ರು. ನಮ್ಮೋನು ಅಂಥೋನಲ್ಲ. ಆದ್ರೆ ನನ್ನ ಮನೇಲಿ ಹತ್ತಿಬೀಜ ಅಂತ ನಾನೇ ಕೋರ್ಟಲ್ಲಿ ಹೇಳಿದ್ರೆ?"

ಜೈಲಿಗೆ ಹೋಗುವ ಸರದಿ ಅಕ್ಕನದೋ ತಮ್ಮನದೋ ಆರಿಸು ಎಂದು ತನ್ನ ವಿಜ್ಞಾನವೇ ಕೇಳಿದಂತಾಯಿತು ಕೋದಂಡರಾಮಪ್ಪನಿಗೆ.

"ಉದುರಿದ್ದನ್ನ ತಗೊಳ್ಳೋದು ಕಳ್ಳತನ ಅಲ್ಲ ತಾಯಿ. ಹತ್ತು ಡ್ರೈವರು ಬಂದು ಹೇಳ್ತಾರೆ. ಅದನ್ನ ನಾನು ನೋಡ್ಕೋತೀನಿ. ಈಗ ಒಂದು ಸೌಟು ತುಪ್ಪ ಕೊಡಿ. ಆ ದಿನಗಳದ್ದೇ ಇರ್ಬೇಕು."

"ದೀಪಾವಳಿಗೆ ಕಾಸಿದ್ದೇ ಒಂದು ಗಡಿಗೆ ಅದೆ. ಯಾರೂ ಕೊಂಡ್ಕೊಳ್ಳಲಿಲ್ಲವಲ್ಲ," ಎಂದು ಅವಳು ಒಳಗೆ ಹೋದಳು.

ಅವನು ಕೈಚೀಲದಿಂದ ಎರಡು ಗಾಜಿನ ಕೊಳವೆ, ಬಿರಡೆ ಬಿಗಿದ ಒಂದು ಪುಟ್ಟ ಬಾಟಲಿ ಹೊರತೆಗೆದ. ಗಂಧಕ ಕರಗಿಸಿದ ದ್ರವ ಅದು. ಹತ್ತಿಬೀಜದ ಎಣ್ಣೆಗೆ ಬೆರೆಸಿ ಕಾಯಿಸಿದರೆ ಕೆಂಪಾಗುತ್ತದೆ. ಹತ್ತಿಬೀಜ ತಿಂದ ಎಮ್ಮೆಯ ತುಪ್ಪವೂ ಹಾಗೆಯೇ ಕೆಂಪಾಗುತ್ತದೆ. ಬೀಜದೊಳಗಿನ ವಿಚಿತ್ರ ಆಮ್ಲವೊಂದು ಹೊಟ್ಟೆ ದಾಟಿ, ಕೆಚ್ಚಲು ದಾಟಿ, ಬೆಣ್ಣೆಯವರೆಗೂ ಬಂದು ಕೂತಿರುತ್ತದೆ.

ಒಂದು ಕೊಳವೆಗೆ ಗಡಿಗೆಯ ತುಪ್ಪ. ಇನ್ನೊಂದಕ್ಕೆ ಗಂಗುಲಪ್ಪ ಕೊಟ್ಟ ಸೀಸೆಯಲ್ಲಿ ಉಳಿದಿದ್ದ ತುಪ್ಪ. ಆ ಸೀಸೆಯ ಬಾಯಿಗೆ ಅಂದು ಹಚ್ಚಿದ್ದ ಮೇಣ ಇನ್ನೂ ಅಂಟಿಕೊಂಡಿತ್ತು.

"ಎರಡೂ ನಿಮ್ಮದೇ ತುಪ್ಪ. ಎರಡೂ ಕೆಂಪಾಗ್ಬೇಕು. ಸೋಮವಾರ ಜಡ್ಜ್ ಮುಂದೆ ಇದನ್ನೇ ಮಾಡಿ ತೋರಿಸ್ತೀನಿ. ಒಲೆಯಿಂದ ದೂರ ನಿಂತ್ಕೊಳ್ಳಿ. ಈ ಬಾಟಲಿಗೆ ಕಿಡಿ ತಗುಲಿದ್ರೆ ನಮ್ಮಿಬ್ರ ತಿಥಿ ಒಂದೇ ದಿನ, ಊರೋರಿಗೆ ಒಂದು ಊಟದ ಖರ್ಚು ಉಳಿಯುತ್ತೆ."

"ಥೂ, ಬಿಡ್ತು ಅನ್ನಿ!"

"ಬಿಡ್ತು."

ಮೊದಲು ಒಲೆಯಿಂದ ಹತ್ತು ಮಾರು ಆಚೆ, ಎರಡೂ ಕೊಳವೆಗೆ ಆ ದ್ರವ ಬೆರೆಸಿ, ಬಿಸಿನೀರಿನ ಚೆಂಬಿನಲ್ಲಿಟ್ಟು, ದ್ರವದ ಕೊಳೆತ ಮೂಲಂಗಿಯಂಥ ವಾಸನೆ ಪೂರ್ತಿ ಹೋಗುವವರೆಗೂ ಕಾದ. ಆಮೇಲೆ ಹಿತ್ತಿಲ ಒಲೆಯ ಮೇಲೆ ಮರಳುತ್ತಿದ್ದ ಉಪ್ಪುನೀರಿಗೆ ಇಳಿಬಿಟ್ಟ. ಇನ್ನು ಒಂದು ಗಂಟೆ.

ಮುನಿಶಾಮಮ್ಮ ಕಾಫಿ ತಂದಳು. ಲೋಟವನ್ನು ಅವನ ಮುಂದಿಟ್ಟು ತುಸು ಹಿಂದೆ ಸರಿದಳು. ಕುಡಿಯುತ್ತಾನೋ ಇಲ್ಲವೋ ಎಂದು ನೋಡುತ್ತಿದ್ದಾಳೆ ಎಂಬುದು ಅವನಿಗೆ ತಡವಾಗಿ ಹೊಳೆಯಿತು. ಈ ಮನೆಯಲ್ಲಿ ಹೊರಗಿನವರು ಏನನ್ನಾದರೂ ಬಾಯಿಗಿಟ್ಟು ತಿಂಗಳಾಗಿತ್ತು. ಅವನು ಲೋಟವೆತ್ತಿ ಸೊರ್ರೆಂದು ಕುಡಿದ. ನಾಲಿಗೆ ಸುಟ್ಟಿತು. ಸುಡಬೇಕಾದ ನಾಲಿಗೆಯೇ.

"ಅವತ್ತು ಹೋಟೆಲಲ್ಲಿ ಆ ಮಾತು ಆಡ್ದೋನು ನಾನೇ, ತಾಯಿ."

"ಗೊತ್ತು."

"ಗೊತ್ತಾ?"

"ಊರೆಲ್ಲ ನಿಮ್ಮ ದನೀಲೇ ಆಡಿ ತೋರಿಸ್ತು," ಎಂದಳು ಆಕೆ. "ಕುಡೀರಿ, ಆರೋಗುತ್ತೆ."

ಅವನಿಗೆ ತಿರುಗಿ ಆಡಲು ಯಾರ ದನಿಯೂ ಸಿಗಲಿಲ್ಲ. ಮಾತು ಬದಲಿಸಿದ. "ಇನ್ಸ್‌ಪೆಕ್ಟರ ಕಾಗದಕ್ಕೆ ಯಾಕೆ ಹೆಬ್ಬೆಟ್ಟು ಒತ್ತಿದ್ರಿ? 'ಇದು ನನ್ನ ತುಪ್ಪ' ಅಂತ ಒಪ್ಕೊಂಡಂಗೆ ಆಯ್ತಲ್ಲ?"

"ಡಬ್ಬ ತೋರಿಸಿದ್ರು. ಮೂಲೇಲಿ ತಗ್ಗಾಗಿತ್ತು, ಎಮ್ಮೆ ಒದ್ದ ತಗ್ಗು. ನಂದೇ ಅಂದೆ."

"ಒಳಗಿದ್ದ ತುಪ್ಪ ನೋಡಿದ್ರಾ? ಮೂಸಿದ್ರಾ?"

"ಡಬ್ಬ ನಂದು ಅಂದ್ಮೇಲೆ ಒಳಗಿಂದು ಬೇರೆಯೋರದ್ದು ಆಗುತ್ತಾ?"

ಕಾಫಿ ಲೋಟ ಅವನ ಕೈಯಲ್ಲೇ ನಿಂತಿತು. ಈ ಪ್ರಶ್ನೆಯನ್ನು ಇಷ್ಟು ದಿನ ಇನ್ಸ್‌ಪೆಕ್ಟರೂ ಕೇಳಿರಲಿಲ್ಲ, ತಾನೂ ಕೇಳಿರಲಿಲ್ಲ.

ಗಂಟೆ ಮೂರೂವರೆ. ಕೋದಂಡರಾಮಪ್ಪ ಬಟ್ಟೆಯಲ್ಲಿ ಹಿಡಿದು ಕೊಳವೆಗಳನ್ನು ಮೇಲೆತ್ತಿ ಬಿಸಿಲಿಗೆ ಹಿಡಿದ.

ಗಡಿಗೆಯ ತುಪ್ಪ ದಾಳಿಂಬೆ ಕಾಳಿನ ಕೆಂಪು.

ಸೀಸೆಯ ತುಪ್ಪ, ಗಂಧಕದ ತಿಳಿ ಹಳದಿ.

ಅವನು ಕೊಳವೆ ಅಲ್ಲಾಡಿಸಿದ. ಮತ್ತೆ ಉಪ್ಪುನೀರಿಗಿಟ್ಟ. ಇನ್ನೂ ಕಾಲು ಗಂಟೆ ಕಾದ. ಹಳದಿ ಹಳದಿಯಾಗಿಯೇ ಕೂತಿತ್ತು.

"ಏನಾಯ್ತು ಸಾರ್? ಒಂದು ಕೆಂಪಗಾಯ್ತಲ್ಲ. ಇನ್ನೊಂದು ಯಾವಾಗ?"

"ಇನ್ನೊಂದು ಆಗಲ್ಲ ತಾಯಿ." ಅವನ ದನಿ ತಾನಾಗಿಯೇ ತಗ್ಗಿತು. "ಈ ಸೀಸೆಯಲ್ಲಿರೋದು ನಿಮ್ಮ ಎಮ್ಮೆ ತುಪ್ಪ ಅಲ್ಲವೇ ಅಲ್ಲ. ಕಾಲು ಭಾಗ ನಿಮ್ಮದಿದ್ದಿದ್ರೂ ಒಂಚೂರು ಕೆಂಪು ಏರ್ಬೇಕಿತ್ತು. ಇದು ಬೇರೆ ಯಾವುದೋ ತುಪ್ಪ. ಅದಕ್ಕೆ ನಿಜವಾಗಿಯೂ ಕೊಬ್ಬು ಬೆರೆಸಿದ್ದಾರೆ. ನಿಮ್ಮ ಡಬ್ಬ ಖಾಲಿ ಮಾಡಿ ಯಾರೋ ಇದನ್ನ ತುಂಬಿದ್ದಾರೆ!"

ತಾನು ಕುಣಿಯಬೇಕೆಂದು ಅವನಿಗನಿಸಿತು. ಕೇಸು ಬಿತ್ತು! ಅವಳೂ ಕುಣಿಯುತ್ತಾಳೆಂದು ತಿರುಗಿ ನೋಡಿದ.

ಮುನಿಶಾಮಮ್ಮನ ಮುಖದಲ್ಲಿ ರಕ್ತವಿರಲಿಲ್ಲ.

"ಡಬ್ಬ ಇಲ್ಲಿಂದ ಹೋಟೆಲಿಗೆ ಯಾರು ತಗೊಂಡು ಹೋಗ್ತಿದ್ರು ತಾಯಿ?" ಕೇಳಿದ ಮೇಲೆ ಅವನಿಗೇ ಉತ್ತರ ತಿಳಿದುಹೋಯಿತು. ಕೇಳಬಾರದಿತ್ತು.

"ಯಾರೂ ಇಲ್ಲ. ನಾನೇ."

"ಮೊಣಕಾಲು ನೋವು ಅಂತ ಎರಡು ವರ್ಷದಿಂದ ನೀವು ಬಸ್ಸು ಹತ್ತಿಲ್ಲ. ಮೊನ್ನೆ ನೀವೇ ಹೇಳಿದ್ದು."

"ಕೊಬ್ಬು ಬೆರೆಸ್ದೋಳೂ ನಾನೇ," ಎಂದಳು ಅವಳು ಪಟಪಟನೆ. "ಬರ್ಕೊಳ್ಳಿ. ಸೋಮವಾರ ಅಂಗೇ ಹೇಳ್ತೀನಿ. ಆಸೆಗೆ ಬಿದ್ದು ಬೆರೆಸ್ದೆ."

"ನೀವು ಬೆರೆಸಿದ್ರೆ ಕೆಂಪಾಗ್ತಿತ್ತು! ನಿಮ್ಮದು ಒಂದು ಹನೀನೂ ಇಲ್ಲ ಅಂತ ಈ ಕೊಳವೆ ಹೇಳ್ತಿದೆ. ಪೆದ್ದಪ್ಪ ತಾನೇ ಡಬ್ಬ ಹೊತ್ಕೊಂಡು ಹೋಗ್ತಿದ್ದಿದ್ದು?"

"ಅವ್ನ ಹೆಸ್ರು ಎತ್ಬೇಡಿ ಸಾರ್. ಅಮ್ಮ ಸತ್ತಾಗ ಅವ್ನಿಗೆ ಮೂರು ವರ್ಷ. ಈ ಎಮ್ಮೆಗಳ ಅಜ್ಜಿ ಹಾಲು ಕುಡ್ಸಿ ಬೆಳೆಸ್ದೋಳು ನಾನು. ನಾನು ಇರ್ತೀನಿ ಆರು ತಿಂಗಳು ಒಳಗೆ. ಅವ್ನು ತಡ್ಕೊಳ್ಳಲ್ಲ."

"ತಾಯಿ, ನನ್ನ ಮಾತು ಕೇಳಿ…"

ಅವಳು ಕೇಳಲಿಲ್ಲ. ಒರಳಿನ ಮೇಲಿದ್ದ ಸೀಸೆಯನ್ನು ಎತ್ತಿದಳು, ಅವನು ಕೈ ಚಾಚುವಷ್ಟರಲ್ಲಿ ಒಲೆಗೆ ಸುರಿದಳು. ಬೆಂಕಿ ಭುಗ್ಗೆಂದು ಆಳೆತ್ತರ ಎದ್ದಿತು. ಹಳದಿ ಕೊಳವೆಯನ್ನೂ ಅವನ ಕೈಯಿಂದ ಕಿತ್ತು ಅದರ ಹಿಂದೆಯೇ ಎಸೆದಳು. ಗಾಜು ಚಟ್ಟೆಂದಿತು. ಕಂದು ಹೊಗೆಯ ಜೊತೆ ಜಿಡ್ಡು ಸುಟ್ಟ ಘಾಟು ಹಿತ್ತಿಲ ತುಂಬ ಹರಡಿತು.

ಒಂದು ತಿಂಗಳ ಹಿಂದೆ ಕೋದಂಡರಾಮಪ್ಪನ ಒಂದು ಮಾತು ಇವಳನ್ನು ಹಾಳುಮಾಡಿತ್ತು. ಇನ್ಸ್‌ಪೆಕ್ಟರು ಒಯ್ದ ಸ್ಯಾಂಪಲ್ ಸೀಲಿನೊಳಗಿತ್ತು, ಸೋಮವಾರದೊಳಗೆ ಕೈಗೆ ಸಿಗುವಂತಿರಲಿಲ್ಲ. ಈಗ ಇವಳನ್ನು ಉಳಿಸಲು ಅವನಲ್ಲಿ ಮಾತೊಂದನ್ನು ಬಿಟ್ಟು ಬೇರೇನೂ ಇರಲಿಲ್ಲ.

"ಅಕ್ಕಾ! ಏನದು ಹೊಗೆ? ಏಮೈಂದಿ, ಏನಾಯ್ತು?"

ಬೇಲಿ ಹಾರಿ ಓಡಿಬಂದವನು ಪೆದ್ದಪ್ಪ. ಕಿವಿಯ ಮೇಲೆ ಬೀಡಿ, ಅಂಗಿಯ ಜೇಬಿಗೆ ಚುಚ್ಚಿದ ಗೋಣಿಸೂಜಿ, ಅದರಿಂದ ಜೋತುಬಿದ್ದ ಹುರಿ.

"ಏನೂ ಇಲ್ಲ. ಒಳಗ್ ಹೋಗಲೇ," ಎಂದಳು ಅಕ್ಕ.

"ಪೆದ್ದಪ್ಪ," ಕೋದಂಡರಾಮಪ್ಪ ಅಡ್ಡ ಬಂದ. "ದೀಪಾವಳಿ ಹಿಂದಿನ ದಿನ ಹೋಟೆಲಿಗೆ ಡಬ್ಬ ಕೊಟ್ಟೆಯಲ್ಲ. ದಾರೀಲಿ ಎಲ್ಲಿ ಇಳಿಸ್ದೆ?"

ಪೆದ್ದಪ್ಪ ಅಕ್ಕನ ಮುಖ ನೋಡಿದ. ನೆಲ ನೋಡಿದ. "ಅಕ್ಕ ಬೈತಾಳೆ."

"ಬೈಯಲ್ಲ. ಹೇಳು."

"ಅವತ್ತು ನಾನು ಹೋಗ್ಲಿಲ್ಲ ಸಾರ್. ಒಂದು ಲಾರೀಲಿ ಇಪ್ಪತ್ತು ಮೂಟೆ ಹರಿದೋಗಿದ್ವು. ಡ್ರೈವರು, 'ಲೋಡ್ ಮೇಲೆ ಕೂತು ಕೋಲಾರದವರೆಗೂ ಹೊಲ್ಕೊಂಡು ಬಾರಪ್ಪ' ಅಂತ ಹತ್ತಿಸ್ಕೊಂಡ. ಡಬ್ಬ ಏನ್ಮಾಡೋದು ಅಂತ ನಿಂತಿದ್ದೆ. ಅಷ್ಟರಲ್ಲಿ ಗಂಗುಲಪ್ಪಣ್ಣ ಸ್ಕೂಟ್ರಲ್ಲಿ ಬಂದ. 'ಕೊಡಲೇ, ನಾನೇ ತಗೊಂಡೋಗ್ತೀನಿ' ಅಂದ. ಕೊಟ್ಬಿಟ್ಟೆ. ಡಬ್ಬ ಕೈಬಿಡಬ್ಯಾಡ ಅಂತ ಅಕ್ಕ ಯಾವಾಗ್ಲೂ ಹೇಳ್ತಿದ್ಲು. ಅದಕ್ಕೇ ಹೇಳ್ಲಿಲ್ಲ."

ಮುನಿಶಾಮಮ್ಮ ನಿಂತಲ್ಲೇ ಕುಸಿದು ಕೂತಳು. ಒಲೆಯಲ್ಲಿ ಬೆಂಕಿ ತಗ್ಗುತ್ತಿತ್ತು.

"ನಾನೇನ್ ಮಾಡ್ಬಿಟ್ಟೆ ಸಾರ್," ಎಂದಳು ಸಣ್ಣ ದನಿಯಲ್ಲಿ.

ಅಷ್ಟರಲ್ಲಿ ಮನೆ ಮುಂದೆ ಸ್ಕೂಟರೊಂದು ಗೊರಗೊರ ಎಂದು ನಿಂತಿತು.

"ಮುನಿಶಾಮಮ್ಮಾ! ಮನೇಲಿದ್ದೀಯೇನಮ್ಮಾ?" ಗಂಗುಲಪ್ಪನ ದನಿ ಪಡಸಾಲೆ ದಾಟಿ ಹಿತ್ತಿಲಿಗೆ ಬಂತು, ಹಿಂದೆಯೇ ಅವನೂ ಬಂದ. ದುಂಡು ಮುಖ, ವಿಭೂತಿ, ಕೈಯಲ್ಲಿ ಒಂದು ಕಾಗದ, ಒಂದು ಇಂಕ್ ಪ್ಯಾಡು. "ಓಹೋ, ಕೋದಂಡನೂ ಇಲ್ಲೇ ಇದ್ದಾನೆ! ಒಳ್ಳೇದಾಯ್ತು. ಸಾಕ್ಷಿ ಸೈನು ನೀನೇ ಹಾಕು. ಇದಕ್ಕೊಂದು ಹೆಬ್ಬೆಟ್ಟು ಒತ್ತಮ್ಮ. ಡಬ್ಬವೂ ನಂದೇ, ತುಪ್ಪವೂ ನಂದೇ, ಗೊತ್ತಿಲ್ದೇ ತಪ್ಪಾಯ್ತು ಅಂತ. ನಿನ್ನ ವಕೀಲ್ರೇ ಬರೆದುಕೊಟ್ಟಿದ್ದು. ತಪ್ಪೊಪ್ಪಿಕೊಂಡ್ರೆ ಜಡ್ಜ್ ಕರುಣೆ ತೋರಿಸ್ತಾರಂತೆ."

ಗಂಗುಲಪ್ಪನ ಮೂಗು ಅರಳಿತು. ಮೂವತ್ತು ವರ್ಷ ಕಾವಲಿಯ ಮುಂದೆ ನಿಂತ ಮೂಗು. ಹೇಳದೆ ಕೇಳದೆ ತನ್ನ ಕೆಲಸ ಮಾಡಿಬಿಟ್ಟಿತು.

"ಏನಮ್ಮಾ ಇದು, ಯಾರ ತುಪ್ಪ ಸುಟ್ಟೆ? ಇದು ನಿನ್ನ ಮನೇದಲ್ವಲ್ಲ!"

ಕೋದಂಡರಾಮಪ್ಪ ನಿಧಾನವಾಗಿ ಖಾಲಿ ಸೀಸೆಯನ್ನು ಎತ್ತಿ ತೋರಿಸಿದ. "ನೀನೇ ನಿನ್ನ ಕೈಯಾರೆ ಕೊಟ್ಟ ಸೀಸೆ, ಗಂಗುಲಪ್ಪ. ಇನ್ಸ್‌ಪೆಕ್ಟರು ತೆಗೆದ ಡಬ್ಬದ್ದೇ. ಆ ತುಪ್ಪ ಮುನಿಶಾಮಮ್ಮಂದು ಅಂತ ಬರೆದು ಸೈನು ಹಾಕಿದೋನು ನೀನು. ಈಗ ಇವಳ ಮನೇದಲ್ಲ ಅಂತೀಯ. ಮೂವರು ಕೇಳಿಸ್ಕೊಂಡಿದ್ದೀವಿ."

ಗಂಗುಲಪ್ಪನ ವಿಭೂತಿಯ ಮೇಲೆ ಬೆವರು ಗೆರೆ ಎಳೆಯಿತು.

ಮುನಿಶಾಮಮ್ಮ ಎದ್ದಳು. ಮೊಣಕಾಲು ಹಿಡಿದುಕೊಂಡು, ಒಂದೊಂದೇ ಹೆಜ್ಜೆ ಇಟ್ಟು ಅವನ ಮುಂದೆ ನಿಂತಳು. ಆ ಕಾಗದವನ್ನು ತೆಗೆದುಕೊಂಡು ಮಗುಚಿ, ಬರಿಯ ಬೆನ್ನು ಮೇಲೆ ಮಾಡಿ ಒರಳಿನ ಮೇಲಿಟ್ಟಳು.

"ಅಣ್ಣಾ, ನಂಗೆ ಓದು ಬರಲ್ಲ. ನಿನಗೆ ಬರೆಯಕ್ಕೆ ಬರುತ್ತೆ. ಆ ತುಪ್ಪ ಯಾರದ್ದು ಅಂತ ಬರಿ. ನಿಂದೇ ಆದ್ರೆ ನಿಂದೇ ಅಂತ ಬರಿ. ನಿನ್ನ ಮಕ್ಕಳಿಗೆ ಹಾಲು ಕೊಟ್ಟೋಳು ಕೇಳ್ತಿದ್ದೀನಿ."

ಗಂಗುಲಪ್ಪ ಬಹಳ ಹೊತ್ತು ಆ ಖಾಲಿ ಬೆನ್ನನ್ನೇ ನೋಡಿದ. ಆಮೇಲೆ ಬಾಗಿದ. ಪೆನ್ನಿನ ಮುಚ್ಚಳ ತೆಗೆದ.

ಬರೆದದ್ದು ಒಂದೇ ಹೆಸರು. ಅವನ ಹೆಸರಲ್ಲ.

ಕೋದಂಡರಾಮಪ್ಪ ಓದಿದ. ಸೋಮವಾರ ಕೋರ್ಟಿನಲ್ಲಿ ಒಂದು ಪೈಸೆ ಫೀಸಿಲ್ಲದೆ ಮುನಿಶಾಮಮ್ಮನ ಪರ ನಿಲ್ಲುತ್ತೇನೆಂದು ತಾವಾಗಿಯೇ ಮುಂದೆ ಬಂದಿದ್ದ ಶ್ರೀನಿವಾಸಪುರದ ವಕೀಲ ಚನ್ನರಾಯಪ್ಪನವರ ಹೆಸರು ಅದು.

"ಆ ತುಪ್ಪ ಬರೋದು ಅವರ ಗೋಡೌನಿಂದ, ಇವಳ ಡಬ್ಬಕ್ಕೆ ಸುರಿದೋನು ನಾನು," ಎಂದ ಗಂಗುಲಪ್ಪ, ತಲೆಯೆತ್ತದೆ. "ಕೇಸು ನಡೆಸೋರೂ ಅವರೇ."